ಪೇಟೆ ಕೆಲಸದ ನಡುವೆ ಹಳೆ ನಾಣ್ಯ, ಸ್ಟಾಂಪು, ಬೆಂಕಿಪೊಟ್ಟಣ: ಶಿವಮೊಗ್ಗದ ಒಂದು ದಿನಕ್ಕೆ ಸಮಗ್ರ ಮಾರ್ಗದರ್ಶಿ

ನಮ್ಮ ತೀರ್ಥಹಳ್ಳಿ ಕಡೆಯವರಿಗೆ 'ಪೇಟೆಗೆ ಹೋಗಿ ಬರೋದು' ಅಂದರೆ ಇಡೀ ದಿನದ ಕೆಲಸ. ಶಿವಮೊಗ್ಗ ಸುಮಾರು 60 ಕಿಲೋಮೀಟರ್. ಹೋಗುವಾಗ ಮನೆಯವರದ್ದು, ಪಕ್ಕದ ಮನೆಯವರದ್ದು ಸೇರಿ ಒಂದು ಉದ್ದದ ಚೀಟಿ ಕೈಗೆ ಬರುತ್ತದೆ. ಬ್ಯಾಂಕು, ಅಂಚೆ ಕಚೇರಿ, ಅಮ್ಮನ ಬಿಪಿ ಮಾತ್ರೆ, ಮಿಕ್ಸಿ ಜಾರ್ ರಿಪೇರಿ, ತೋಟಕ್ಕೆ ಹಗ್ಗ, ಮಳೆಗಾಲಕ್ಕೆ ಟಾರ್ಪಾಲು. ನನ್ನ ಸಂಗ್ರಹದಲ್ಲಿರುವ ನಾಣ್ಯ, ಸ್ಟಾಂಪು, ಬೆಂಕಿಪೊಟ್ಟಣಗಳಲ್ಲಿ ಹೆಚ್ಚಿನವು ಸಿಕ್ಕಿದ್ದು ಇಂಥ ಚೀಟಿ ಹಿಡಿದು ಓಡಾಡುವಾಗಲೇ. ಅದಕ್ಕೆ ಅಂತ ಬೇರೆ ದಿನ, ಬೇರೆ ದುಡ್ಡು ತೆಗೆದಿಟ್ಟಿದ್ದು ಕಡಿಮೆ.

ಇದರ ಗುಟ್ಟು ಒಂದೇ. ಅಂಗಡಿಯವರಿಗೆ ಯಾವತ್ತೂ ಚಿಲ್ಲರೆ ಬೇಕು. ನಿಮ್ಮ ಹತ್ತಿರ ಚಿಲ್ಲರೆ ಇದ್ದರೆ ಅವರು ತಮ್ಮ ಗಲ್ಲಾಪೆಟ್ಟಿಗೆಯ ಚಿಲ್ಲರೆಯನ್ನು ಖುಷಿಯಿಂದ ತೋರಿಸುತ್ತಾರೆ. ಇಡೀ ದಿನದ ಓಡಾಟವನ್ನು ಈ ಕೊಡು-ಕೊಳ್ಳುವಿಕೆಗೆ ಹೊಂದಿಸಿಕೊಳ್ಳುವುದು ಹೇಗೆ ಅಂತ ಒಂದೊಂದೇ ಹೆಜ್ಜೆ ಹೇಳುತ್ತೇನೆ.

ಹಿಂದಿನ ರಾತ್ರಿ

ಕೆಲಸದ ಚೀಟಿಯನ್ನು ಬೀದಿಯ ಪ್ರಕಾರ ಮತ್ತೆ ಬರೆದುಕೊಳ್ಳಿ. ಬ್ಯಾಂಕು ಮೊದಲು, ಅಂಚೆ ಕಚೇರಿ ಆಮೇಲೆ, ಗಾಂಧಿ ಬಜಾರ್ ಮೂರನೆಯದು, ಭಾರದ ಸಾಮಾನು ಕೊನೆಗೆ. ಈ ಕ್ರಮ ಮುಖ್ಯ. ಬ್ಯಾಂಕಿನಿಂದ ಬರುವ ಚಿಲ್ಲರೆಯೇ ದಿನದ ಬಂಡವಾಳ.

ಕೈಚೀಲಕ್ಕೆ ಇಷ್ಟು ಹಾಕಿಕೊಳ್ಳಿ: ಒಂದು ಸಣ್ಣ ಭೂತಗನ್ನಡಿ, ಬಟನ್ ಗಾತ್ರದ ಆಯಸ್ಕಾಂತ, ಜೇಬಿಗೆ ಹಿಡಿಯುವ ಡಿಜಿಟಲ್ ತಕ್ಕಡಿ, ಮದುವೆ ಮುಯ್ಯಿಗೆ ತಂದು ಉಳಿದ ಸಣ್ಣ ಕಾಗದದ ಕವರುಗಳು, ಒಂದು ಹಳೆ ನೋಟ್‌ಬುಕ್, ಪೆನ್ಸಿಲ್. ಸ್ಟಾಂಪು, ಲೇಬಲ್ ಮಡಚದೆ ಇಡಲು ಎರಡು ರಟ್ಟು. ಹುಡುಕಾಟದ ಖರ್ಚಿಗೆ ಬೇರೆ ಪರ್ಸಿನಲ್ಲಿ ಇಂತಿಷ್ಟೇ ಅಂತ ದುಡ್ಡು ಇಟ್ಟುಕೊಳ್ಳಿ. ನಾನು 300 ರೂಪಾಯಿ ಇಡುತ್ತೇನೆ. ಮಾತ್ರೆಯ ದುಡ್ಡಿಗೆ ಕೈ ಹಾಕುವ ಹಾಗಿಲ್ಲ.

ಬಸ್ಸಿನಲ್ಲಿ

ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟುವಷ್ಟರಲ್ಲಿ ಕಂಡಕ್ಟರ್ ಚೀಲದಲ್ಲಿ ಒಳ್ಳೆ ಚಿಲ್ಲರೆ ಸೇರಿರುತ್ತದೆ. ರಶ್ ಇದ್ದಾಗ ಮಾತಾಡಿಸಬೇಡಿ. ಶಿವಮೊಗ್ಗ ಹತ್ತಿರ ಬಂದು ಅವರು ಕೂತು ಲೆಕ್ಕ ಮಾಡುವಾಗ, 'ಅಣ್ಣಾ, ನೂರು ರೂಪಾಯಿಗೆ ಐದರ ಬಿಲ್ಲೆ ಕೊಡ್ತೀರಾ?' ಅಂತ ಕೇಳಿ. ಐದರ ಬಿಲ್ಲೆಯನ್ನೇ ಯಾಕೆ ಕೇಳಬೇಕು ಅಂತ ಈಗ ಹೇಳುತ್ತೇನೆ.

ಬ್ಯಾಂಕಿನ ಪಾಕೆಟ್, ಬೆಂಚಿನ ಮೇಲೆ ಅರ್ಧ ಗಂಟೆ

ಹತ್ತು ಗಂಟೆಗೆ ಸರಿಯಾಗಿ ಬ್ಯಾಂಕಿನಲ್ಲಿರಿ. ಪಾಸ್‌ಬುಕ್ ಕೆಲಸ ಮುಗಿಸಿ, ಕ್ಯಾಷ್ ಕೌಂಟರ್‌ನಲ್ಲಿ ನಾಣ್ಯದ ಪಾಕೆಟ್ ಕೇಳಿ. ಸಾಮಾನ್ಯವಾಗಿ ಒಂದು ಪಾಕೆಟ್‌ನಲ್ಲಿ 100 ನಾಣ್ಯ ಇರುತ್ತವೆ. ಎರಡು ರೂಪಾಯಿಯದ್ದಾದರೆ 200 ರೂಪಾಯಿ, ಐದರದ್ದಾದರೆ 500 ರೂಪಾಯಿ. 'ಹೊಸದು ಬೇಡ ಸರ್, ಜನ ಕಟ್ಟಿದ ಹಳೆ ಚಿಲ್ಲರೆ ಇದ್ದರೆ ಕೊಡಿ' ಅಂತ ಹೇಳಿ. ಸೀಲ್ ಒಡೆಯದ ಹೊಸ ಪಾಕೆಟ್‌ನಲ್ಲಿ ಎಲ್ಲವೂ ಒಂದೇ ಥರ ಇರುವುದೇ ಜಾಸ್ತಿ.

ನೆರಳಿರುವ ಕಡೆ ಕೂತು ನೋಡಲು ಶುರು ಮಾಡಿ. ಮೊದಲು ಇಸವಿ ನೋಡಿ. ಆಮೇಲೆ ಇಸವಿಯ ಕೆಳಗೆ ಭೂತಗನ್ನಡಿ ಹಿಡಿಯಿರಿ. ವಜ್ರದ ಆಕಾರ ಇದ್ದರೆ ಮುಂಬೈ ಟಂಕಸಾಲೆ, ಅಂದರೆ ಅಲ್ಲಿ ಅಚ್ಚಾದ ನಾಣ್ಯ. ನಕ್ಷತ್ರ ಇದ್ದರೆ ಹೈದರಾಬಾದ್. ದುಂಡು ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಇಷ್ಟು ಗೊತ್ತಾದರೆ ಸಾಕು, ಒಂದೇ ಥರ ಕಾಣುತ್ತಿದ್ದ ನೂರು ನಾಣ್ಯ ನಾಲ್ಕು ಗುಂಪಾಗುತ್ತವೆ. ಹೊಸಬರಿಗೆ ನಾನು ಕೊಡುವ ಮೊದಲ ಕೆಲಸವೂ ಇದೇ: ಒಂದೇ ಮುಖಬೆಲೆ, ಒಂದೇ ಇಸವಿ, ನಾಲ್ಕೂ ಟಂಕಸಾಲೆ ಹುಡುಕಿ. ಕೆಲವು ಇಸವಿಯಲ್ಲಿ ನಾಲ್ಕೂ ಕಡೆ ಅಚ್ಚಾಗಿರುವುದಿಲ್ಲ. ಹುಡುಕುತ್ತಾ ಹೋದರೆ ಅದೂ ತಿಳಿಯುತ್ತದೆ.

ಈಗ ಐದರ ಬಿಲ್ಲೆ. 1992ರಿಂದ ಬಂದ ದಪ್ಪ ಐದು ರೂಪಾಯಿ ನೆನಪಿದೆ ಅಲ್ವಾ? ತಾಮ್ರ-ನಿಕ್ಕಲ್ ಮಿಶ್ರಣ, 9 ಗ್ರಾಂ ತೂಕ. ಅದರ ಲೋಹಕ್ಕೇ ಬೇಡಿಕೆ ಬಂದು, ಗಡಿಯಾಚೆ ಸಾಗಿಸಿ ಕರಗಿಸಿ ಬ್ಲೇಡ್ ಮಾಡುತ್ತಿದ್ದರು ಅನ್ನುವ ಸುದ್ದಿ ಆಗ ಪತ್ರಿಕೆಗಳಲ್ಲಿ ಬರುತ್ತಿತ್ತು. 2007ರಿಂದ ತೆಳ್ಳಗಿನ ಸ್ಟೀಲ್ ನಾಣ್ಯ ಬಂತು, 2009ರಿಂದ ಹಳದಿ ಬಣ್ಣದ್ದು. ದಪ್ಪ ಬಿಲ್ಲೆಗಳು ಕಡಿಮೆಯಾಗುತ್ತಿವೆ. ಅದರಲ್ಲೂ ಸ್ಮರಣೆಗೆ ತಂದವು ಇವೆ. ಕನ್ನಡಿಗರು ಮೊದಲು ಹುಡುಕಬೇಕಾದದ್ದು 2006ರ ಬಸವೇಶ್ವರ ನಾಣ್ಯ. ನನಗೆ ಅದು ಸಿಕ್ಕಿದ್ದು ಒಂದು ಕಬ್ಬಿನಹಾಲಿನ ಗಾಡಿಯಲ್ಲಿ. ಕೊಟ್ಟಿದ್ದು ಬರೀ ಐದು ರೂಪಾಯಿ, ಅದರ ಮುಖಬೆಲೆ ಅಷ್ಟೇ.

ಒಂದು ರೂಪಾಯಿಗೆ ಆಯಸ್ಕಾಂತ ಹಿಡಿಯಿರಿ. 1992ರಿಂದ ಈಚಿನದ್ದು ಸ್ಟೀಲ್, ಅಂಟಿಕೊಳ್ಳುತ್ತದೆ. ಅದಕ್ಕೂ ಮುಂಚಿನ ತಾಮ್ರ-ನಿಕ್ಕಲ್ ರೂಪಾಯಿ ಅಂಟುವುದಿಲ್ಲ. 1985ರ ರೂಪಾಯಿ ಸಿಕ್ಕರೆ ಇಸವಿಯ ಹತ್ತಿರ ಇಂಗ್ಲಿಷ್ 'ಎಚ್' ಅಕ್ಷರ ಇದೆಯಾ ನೋಡಿ. ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಚ್ಚಾಗಿ ಬಂದದ್ದು.

ಹತ್ತರ ನಾಣ್ಯ ಬೇಡ ಅನ್ನುವ ಅಂಗಡಿಗಳು ಇನ್ನೂ ಇವೆ. ಬೇರೆ ಬೇರೆ ವಿನ್ಯಾಸದ ಹತ್ತರ ನಾಣ್ಯಗಳೆಲ್ಲ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟಪಡಿಸಿದೆ. ಆಗ 14 ವಿನ್ಯಾಸಗಳಿದ್ದವು. ಬೇಡ ಅಂದವರ ಹತ್ತಿರ ಉಳಿದಿದ್ದನ್ನು ನೋಟು ಕೊಟ್ಟು ತೆಗೆದುಕೊಳ್ಳಿ. ಅವರಿಗೂ ಅನುಕೂಲ, ನಿಮಗೂ ವಿನ್ಯಾಸಗಳು ಸೇರುತ್ತವೆ. 50 ಪೈಸೆ ಕೂಡ ಇನ್ನೂ ಕಾನೂನಿನ ಪ್ರಕಾರ ನಡೆಯುವ ದುಡ್ಡು. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕವು ಮಾತ್ರ 2011ರ ಜೂನ್ ಕೊನೆಗೆ ನಿಂತವು.

ಬೇಕಾದ್ದನ್ನು ಎತ್ತಿಟ್ಟು, ಉಳಿದ ಚಿಲ್ಲರೆಯನ್ನು 50, 100 ರೂಪಾಯಿಯ ಪೊಟ್ಟಣ ಕಟ್ಟಿಕೊಳ್ಳಿ. ಇನ್ನು ಮುಂದಿನ ಬಾಗಿಲು ತೆರೆಯುವುದು ಇವೇ.

ಅಂಚೆ ಕಚೇರಿ: ಸ್ಟಾಂಪಿಗಿಂತ ಮೊಹರು ಚೆಂದ

ಪ್ರಧಾನ ಅಂಚೆ ಕಚೇರಿಯಲ್ಲಿ ಪತ್ರ ಕಳಿಸುವುದಿದ್ದರೆ, ಕಂಪ್ಯೂಟರಿನಿಂದ ಬರುವ ಚೀಟಿಯ ಬದಲು ಸ್ಟಾಂಪನ್ನೇ ಅಂಟಿಸಬಹುದಾ ಅಂತ ಕೇಳಿ. ಸ್ಮರಣಾರ್ಥ ಸ್ಟಾಂಪುಗಳು ಬಂದಿದ್ದರೆ ಅವನ್ನೂ ಕೇಳಿ. ಪ್ರತಿ ಸಲ ಹೋಗಲು ಆಗದವರು ಸ್ಟಾಂಪು ಸಂಗ್ರಹಿಸುವವರಿಗೆ ಅಂತಲೇ ಇರುವ ಅಂಚೆ ಇಲಾಖೆಯ ಫಿಲಾಟೆಲಿ ಡಿಪಾಸಿಟ್ ಖಾತೆ ತೆರೆದರೆ ಹೊಸ ಸ್ಟಾಂಪುಗಳು ಮನೆಗೇ ಬರುತ್ತವೆ. ನಮ್ಮ ಜಿಲ್ಲೆಯವರು ಹುಡುಕಲೇಬೇಕಾದ ಒಂದು ಸ್ಟಾಂಪು ಇದೆ. 2003ರಲ್ಲಿ ಬಂದ ಜಲಪಾತಗಳ ನಾಲ್ಕು ಸ್ಟಾಂಪಿನ ಗುಂಪಿನಲ್ಲಿ ನಮ್ಮ ಜೋಗವೂ ಇದೆ.

ಆದರೆ ಮಲೆನಾಡಿನವರಿಗೆ ನಾನು ಹೇಳುವುದು ಮೊಹರಿನ ಸಂಗ್ರಹ. 50 ಪೈಸೆಯ ಪೋಸ್ಟ್‌ಕಾರ್ಡುಗಳನ್ನು ಒಂದಿಪ್ಪತ್ತು ತಂದಿಟ್ಟುಕೊಳ್ಳಿ. ಆಗುಂಬೆಗೆ ಹೋದಾಗ, ಹೊಸನಗರಕ್ಕೆ ನೆಂಟರ ಮನೆಗೆ ಹೋದಾಗ, ಸಾಗರಕ್ಕೆ ಮದುವೆಗೆ ಹೋದಾಗ ಅಲ್ಲಿಯ ಅಂಚೆ ಕಚೇರಿಯಿಂದ ನಿಮ್ಮದೇ ವಿಳಾಸಕ್ಕೆ ಒಂದು ಕಾರ್ಡು ಹಾಕಿ. 'ಮೊಹರು ಸ್ವಲ್ಪ ಸ್ಪಷ್ಟವಾಗಿ ಬೀಳೋ ಹಾಗೆ ಹೊಡೀತೀರಾ?' ಅಂತ ಕೇಳಿದರೆ ಹಳ್ಳಿಯ ಅಂಚೆಯವರು ಬೇಸರ ಮಾಡುವುದಿಲ್ಲ. ಕಾರ್ಡಿನ ಹಿಂದೆ ಆ ದಿನದ ಎರಡು ಸಾಲು ಬರೆಯಿರಿ. ಮಳೆ ಎಷ್ಟಿತ್ತು, ಯಾರ ಮನೆಯಲ್ಲಿ ಊಟ ಅಂತ. ಹತ್ತು ರೂಪಾಯಿಗೆ ಇಪ್ಪತ್ತು ಊರು ಸೇರುತ್ತವೆ.

ಹಳೆ ಕವರುಗಳ ವಯಸ್ಸು ಹೇಳುವುದಕ್ಕೂ ಮೊಹರೇ ಸಹಾಯ. ಪಿನ್‌ಕೋಡ್ ಶುರುವಾಗಿದ್ದು 1972ರ ಆಗಸ್ಟ್ 15ಕ್ಕೆ. ವಿಳಾಸದಲ್ಲಾಗಲಿ ಮೊಹರಿನಲ್ಲಾಗಲಿ ಪಿನ್ ಇದ್ದರೆ ಅದು ಆಮೇಲಿನದ್ದು. ಇಂಗ್ಲಿಷ್‌ನಲ್ಲಿ ನಮ್ಮ ಊರಿನ ಹೆಸರು 'ಶಿಮೊಗ' ಅಂತಿದ್ದದ್ದು ಅಧಿಕೃತವಾಗಿ 'ಶಿವಮೊಗ್ಗ' ಆಗಿದ್ದು 2014ರ ನವೆಂಬರ್ 1ಕ್ಕೆ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಯಿತು. ಅದಕ್ಕೇ ಹಳೆ ರಿಜಿಸ್ಟರ್ ಕವರುಗಳನ್ನು ಈಗ ಎಸೆಯಬೇಡಿ. ಸ್ಟಾಂಪು ಕಿತ್ತುಕೊಳ್ಳಲೂ ಬೇಡಿ. ಇಡೀ ಕವರನ್ನೇ ಇಡಿ.

ಗಾಂಧಿ ಬಜಾರ್

ಶಿವಪ್ಪ ನಾಯಕ ಸರ್ಕಲ್ ಕಡೆಯಿಂದ ಗಾಂಧಿ ಬಜಾರ್ ಒಳಗೆ ಬಂದರೆ ಚೀಟಿಯ ಅರ್ಧ ಕೆಲಸ ಒಂದೇ ಬೀದಿಯಲ್ಲಿ ಮುಗಿಯುತ್ತದೆ. ಮೊದಲು ನಿಮ್ಮ ಸಾಮಾನು ತೆಗೆದುಕೊಳ್ಳಿ. ಏನೂ ಕೊಳ್ಳದೆ ಸುಮ್ನೆ 'ಹಳೆ ನಾಣ್ಯ ಇದ್ಯಾ' ಅಂತ ಕೇಳಿದರೆ 'ಇಲ್ಲ' ಅನ್ನುವುದು ಸಹಜ. ಹಗ್ಗ ಅಳೆಯುವಾಗ, ಬೆಲ್ಲ ತೂಗುವಾಗ ಮಾತು ತೆಗೆಯಿರಿ: 'ಯಜಮಾನ್ರೇ, ಚಿಲ್ಲರೆ ಬೇಕಾ? ನೂರರ ಪೊಟ್ಟಣ ಇದೆ.' ಮುಖ ಅರಳುತ್ತದೆ. ಆಗ ಕೇಳಿ: 'ನಡೆಯದ ಬಿಲ್ಲೆ ಏನಾದ್ರೂ ಡಬ್ಬಿಯಲ್ಲಿ ಬಿದ್ದಿದ್ರೆ ನೋಡ್ಲಾ?'

ಹಳೆ ಅಂಗಡಿಗಳಲ್ಲಿ ಇಂಥ ಡಬ್ಬಿ ಇದ್ದೇ ಇರುತ್ತದೆ. ಯಾರೋ ಕೊಟ್ಟುಹೋದ, ಬ್ಯಾಂಕು ತೆಗೆದುಕೊಳ್ಳದ ಬಿಲ್ಲೆಗಳು. ಅಲ್ಲಿ ಏನು ನೋಡಬೇಕು?

ತೂತಿನ ಕಾಸು 1943ರಿಂದ 1947ರವರೆಗಿನದ್ದು. ಯುದ್ಧಕಾಲದಲ್ಲಿ ಲೋಹ ಉಳಿಸಲು ನಡುವೆ ತೂತು ಬಿಟ್ಟರು. ಒಂದು ಬದಿ ಅಶೋಕ ಸಿಂಹ, ಇನ್ನೊಂದು ಬದಿ ಕುದುರೆ ಇದ್ದರೆ ಗಣರಾಜ್ಯದ ಮೊದಲ ವರ್ಷಗಳ ಕಾಸು. ಗೂಳಿ ಇದ್ದರೆ ಅದೇ ಕಾಲದ ಆಣೆ. ರೂಪಾಯಿಗೆ 16 ಆಣೆ, 64 ಪೈಸೆ ಅನ್ನುವ ಲೆಕ್ಕ 1957ರ ಏಪ್ರಿಲ್ 1ಕ್ಕೆ ಮುಗಿದು ನೂರು ಪೈಸೆಯ ಲೆಕ್ಕ ಬಂತು. ಆಗಿನಿಂದ 1964ರವರೆಗೆ 'ನಯಾ ಪೈಸೆ' ಅಂತ ಬರೆಯುತ್ತಿದ್ದರು. ಆಮೇಲಿನ ಅಲ್ಯೂಮಿನಿಯಂ ಮೂರು ಪೈಸೆ, ಕಮಲ ಇರುವ ಹಳದಿ 20 ಪೈಸೆ, ಘೇಂಡಾಮೃಗದ ನಾಲ್ಕಾಣೆ (25 ಪೈಸೆ), ಇವೆಲ್ಲ ಇನ್ನೂ ಸುಲಭವಾಗಿ ಸಿಗುತ್ತವೆ. ಮಕ್ಕಳಿಗೆ ಶುರು ಮಾಡಲು ಇವು ಒಳ್ಳೆಯವು. 1964ರ ನೆಹರೂ ರೂಪಾಯಿ ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ. ಸಿಕ್ಕರೆ ಬಿಡಬೇಡಿ.

ಮೈಸೂರು ಸಂಸ್ಥಾನದ ತಾಮ್ರದ ಕಾಸು ಕಂಡರೆ ಅಲ್ಲೇ ನಿಂತು ಓದಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆಲವು ಕಾಸುಗಳ ಮೇಲೆ ಕನ್ನಡದಲ್ಲಿ 'ಮಯಿಲಿ ಕಾಸು' ಅಂತಲೇ ಇದೆ. ಕೈಯಲ್ಲಿ ಹಿಡಿದ ಎರಡು ನೂರು ವರ್ಷದ ಹಳೆಯ ಲೋಹದಲ್ಲಿ ನಮ್ಮ ಅಕ್ಷರ ಓದುವ ಖುಷಿಯೇ ಬೇರೆ.

ಬೆಲೆ ಮಾತಾಡುವಾಗ ಒಂದು ನಿಯಮ ಇಟ್ಟುಕೊಳ್ಳಿ. ನಿಮಗೆ ಅದರ ಬೆಲೆ ಗೊತ್ತಿದ್ದು ಅವರಿಗೆ ಗೊತ್ತಿಲ್ಲದಿದ್ದರೆ, ನೀವೇ ಹೇಳಿ. ನಾನು ಒಬ್ಬರಿಗೆ 'ಇದಕ್ಕೆ ಇನ್ನೂ ಜಾಸ್ತಿ ಸಿಗುತ್ತೆ' ಅಂತ ಹೇಳಿ ಬಿಲ್ಲೆ ವಾಪಸ್ ಕೊಟ್ಟಿದ್ದೆ. ಮುಂದಿನ ಸಲ ಅವರೇ ಕರೆದು ಇಡೀ ಡಬ್ಬಿ ಕೈಗೆ ಕೊಟ್ಟರು.

ಊಟ, ಚಹಾ, ಬೆಂಕಿಪೊಟ್ಟಣ

ಚಹಾ ಅಂಗಡಿಯಲ್ಲಿ ಖಾಲಿ ಬೆಂಕಿಪೊಟ್ಟಣ ಕೇಳಿ ತೆಗೆದುಕೊಳ್ಳಿ. ದುಡ್ಡೇ ಬೇಡದ ಸಂಗ್ರಹ ಇದು. ಪೊಟ್ಟಣದ ಮೇಲಿನ ಬೆಲೆಯಿಂದಲೇ ಕಾಲ ಗೊತ್ತಾಗುತ್ತದೆ. 2007ರಲ್ಲಿ 50 ಪೈಸೆಯಿಂದ ಒಂದು ರೂಪಾಯಿ ಆಯಿತು, 2021ರ ಡಿಸೆಂಬರ್‌ನಲ್ಲಿ ಎರಡು ರೂಪಾಯಿ. ಹಾಗಾಗಿ 50 ಪೈಸೆಯ ಪೊಟ್ಟಣ ಅಟ್ಟದ ಮೂಲೆಯಲ್ಲಿ ಸಿಕ್ಕರೆ ಅದಕ್ಕೆ ಹದಿನೈದು ವರ್ಷ ದಾಟಿದೆ. ಕಡ್ಡಿ ಎಲ್ಲ ತೆಗೆದು, ಹೊರಕವಚವನ್ನು ಅಂಟಿರುವ ಕಡೆ ಮೆಲ್ಲಗೆ ಬಿಡಿಸಿ ಚಪ್ಪಟೆ ಮಾಡಿ ರಟ್ಟಿನ ನಡುವೆ ಇಡಿ. ಕಡ್ಡಿ ಇರುವ ಪೊಟ್ಟಣಗಳನ್ನು ಒಟ್ಟಿಗೆ ಕೂಡಿಡಬೇಡಿ.

ಗುಜರಿ ಮತ್ತು ಬೆಳ್ಳಿ ಅಂಗಡಿ: ಇಲ್ಲಿ ಎಚ್ಚರ

ಮಧ್ಯಾಹ್ನ ಗುಜರಿ ಅಂಗಡಿಗೆ ಹೋಗಿ. ಹಳೆ ಪೇಪರ್ ಜೊತೆ ಬಂದ ಇನ್‌ಲ್ಯಾಂಡ್ ಪತ್ರ, ಮದುವೆ ಕರೆಯೋಲೆ, ರಟ್ಟಿನ ರೈಲು ಟಿಕೆಟ್, ಹಳೆ ಬೀಗ, ಅಡಿಕೆ ಕತ್ತರಿ ಅಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತವೆ. ಯಾರದೋ ಮನೆಯ ಖಾಸಗಿ ಪತ್ರವಾದರೆ ಓದಿ ಹಂಚಬೇಡಿ.

ಬೆಳ್ಳಿ ರೂಪಾಯಿ ವಿಷಯ ಬೇರೆ. ಕೆಲವು ವರ್ಷದ ಹಿಂದೆ ಒಂದು ಜಾತ್ರೆಯಲ್ಲಿ ರಾಜನ ತಲೆ ಇರುವ ರೂಪಾಯಿ ಕೊಂಡೆ. ಹೊಳಪು ನೋಡಿ ನಂಬಿದೆ. ಮನೆಗೆ ಬಂದು ತೂಗಿದರೆ 9 ಗ್ರಾಂ ಕೂಡ ಇರಲಿಲ್ಲ. ಆವತ್ತಿನಿಂದ ತಕ್ಕಡಿ ಇಲ್ಲದೆ ಬೆಳ್ಳಿ ಮುಟ್ಟುವುದಿಲ್ಲ. ಬ್ರಿಟಿಷರ ಕಾಲದ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಸವೆದಿದ್ದರೆ ಸ್ವಲ್ಪ ಕಡಿಮೆ ಬರಬಹುದು, ಎರಡು ಗ್ರಾಂ ಕಡಿಮೆ ಬಂದರೆ ಬಿಟ್ಟುಬಿಡಿ. ಆಯಸ್ಕಾಂತಕ್ಕೆ ಬೆಳ್ಳಿ ಅಂಟುವುದಿಲ್ಲ. ಹುಲಿ ಇರುವ 1947ರ ರೂಪಾಯಿ ಅಂಟುತ್ತದೆ, ಅದು ನಿಕ್ಕಲ್. ಅದನ್ನು ಬೆಳ್ಳಿ ಅಂತ ಮಾರಲು ಬಂದರೆ ನಂಬಬೇಡಿ. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕರ್ಧ ಮಾತ್ರ. 1939ರ ಬೆಳ್ಳಿ ರೂಪಾಯಿ ಬಹಳ ಅಪರೂಪ, ಅದಕ್ಕೇ ಅದರ ನಕಲಿಯೂ ಬಹಳ.

ಈ ಸಾಲಿನಲ್ಲಿ ನನಗೆ ಇಷ್ಟವಾದದ್ದು 1911ರ ರೂಪಾಯಿ. ಐದನೇ ಜಾರ್ಜ್ ನಿಲುವಂಗಿಯ ಮೇಲೆ ಸರದಲ್ಲಿ ಒಂದು ಪುಟ್ಟ ಆನೆ ಇದೆ. ಸೊಂಡಿಲು ಗಿಡ್ಡವಾಗಿ ಬಂದು ಜನಕ್ಕೆ ಅದು ಹಂದಿಯ ಹಾಗೆ ಕಂಡಿತು. ದೊಡ್ಡ ಗಲಾಟೆಯಾಗಿ, 1912ರಲ್ಲಿ ಆನೆಯನ್ನು ತಿದ್ದಿ ಹೊಸದಾಗಿ ಅಚ್ಚು ಹಾಕಿದರು. ಭೂತಗನ್ನಡಿ ಹಿಡಿದು 1911 ಮತ್ತು 1912ರ ಎರಡು ರೂಪಾಯಿ ಪಕ್ಕಪಕ್ಕ ಇಟ್ಟು ನೋಡಿ.

'ಇಕ್ಕೇರಿ ವರಹ' ಅಂತ ತೋರಿಸುವವರ ಹತ್ತಿರ ಮಾತ್ರ ದುಡ್ಡು ಬಿಚ್ಚಬೇಡಿ. ಕೆಳದಿ ಅರಸರ ನಿಜವಾದ ವರಹ ಬಂಗಾರದ್ದು, ಸುಮಾರು ಮೂರೂವರೆ ಗ್ರಾಂ, ಒಂದು ಬದಿ ಶಿವಪಾರ್ವತಿ. 1763ರಲ್ಲಿ ಅವರ ರಾಜಧಾನಿ ಬಿದನೂರು ಗೆದ್ದ ಹೈದರಾಲಿ ಕೂಡ ತನ್ನ ವರಹದಲ್ಲಿ ಆ ಶಿವಪಾರ್ವತಿಯನ್ನು ಹಾಗೇ ಉಳಿಸಿಕೊಂಡ. ಬಂಗಾರದ ನೀರು ಹಾಯಿಸಿದ ತಾಮ್ರದ ನಕಲು ಸಲೀಸಾಗಿ ತಯಾರಾಗುತ್ತದೆ. ಹಳೆಯ ನಾಣ್ಯಗಳನ್ನು ನೋಡಿ ಕಣ್ಣು ಪಳಗಿಸಿಕೊಳ್ಳಲು ಲಕ್ಕಿನಕೊಪ್ಪದ ಹತ್ತಿರದ 'ಅಮೂಲ್ಯ ಶೋಧ' ಸಂಗ್ರಹಾಲಯಕ್ಕೆ ಒಂದು ಸಲ ಹೋಗಿ ಬನ್ನಿ.

ಕಾನೂನೂ ತಿಳಿದಿರಲಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚೀನ ವಸ್ತು. ಅದರ ವ್ಯಾಪಾರ ಮಾಡಲು ಲೈಸೆನ್ಸ್ ಬೇಕು, ಹೊರದೇಶಕ್ಕೆ ಒಯ್ಯುವ ಹಾಗಿಲ್ಲ. ತೋಟದಲ್ಲಿ ಅಡಿಕೆ ಗುಂಡಿ ತೆಗೆಯುವಾಗ ನಾಣ್ಯದ ಗಡಿಗೆ ಸಿಕ್ಕರೆ ಹಂಚಿಕೊಳ್ಳಬೇಡಿ. ನಮ್ಮಲ್ಲಿ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ, ಅಧಿಕಾರಿಗಳಿಗೆ ತಿಳಿಸಲೇಬೇಕು. ಇನ್ನು ಫೋನಿನಲ್ಲಿ 'ವೈಷ್ಣೋದೇವಿ ನಾಣ್ಯಕ್ಕೆ ಲಕ್ಷ ಕೊಡ್ತೀವಿ, ಮೊದಲು ಫೀಸ್ ಕಟ್ಟಿ' ಅನ್ನುವವರು. ರಿಸರ್ವ್ ಬ್ಯಾಂಕ್ ತನ್ನ ಹೆಸರಲ್ಲಿ ನಡೆಯುವ ಇಂಥ ಮೋಸದ ಬಗ್ಗೆ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಒಂದು ರೂಪಾಯಿಯೂ ಕಟ್ಟಬೇಡಿ.

ಹಿರಿಯರ ಪೆಟ್ಟಿಗೆ

ದಾರಿಯಲ್ಲಿ ನೆಂಟರ ಮನೆಗೆ ಮಾತ್ರೆ ಕೊಟ್ಟು ಹೋಗುವ ಕೆಲಸ ಇದ್ದರೆ ಸ್ವಲ್ಪ ಹೊತ್ತು ಕೂತುಕೊಳ್ಳಿ. ಅವಸರ ಮಾಡಬೇಡಿ. 'ಅಜ್ಜಿ, ನಿಮ್ಮ ಕಾಲದಲ್ಲಿ ಒಂದಾಣೆಗೆ ಏನು ಬರ್ತಿತ್ತು?' ಅಂತ ಕೇಳಿ ನೋಡಿ. ಮಾತು ಬರುತ್ತದೆ, ಆಮೇಲೆ ಎಲೆಯಡಿಕೆ ಸಂಚಿಯಿಂದ ಒಂದು ಗಂಟು ಬರುತ್ತದೆ. ದೇವರ ಮುಂದೆ ಇಟ್ಟ ಬೆಳ್ಳಿ ನಾಣ್ಯವನ್ನು, ಲಕ್ಷ್ಮೀಪೂಜೆಯ ನಾಣ್ಯವನ್ನು ಕೇಳಬೇಡಿ. ಅವರಾಗಿ ಕೊಟ್ಟರೂ ಮನೆಯ ಮಕ್ಕಳನ್ನು ಕೇಳಿಯೇ ತೆಗೆದುಕೊಳ್ಳಿ. ಬರೀ ಫೋಟೋ ತೆಗೆದು, ಅಜ್ಜಿ ಹೇಳಿದ್ದನ್ನು ಬರೆದುಕೊಂಡು ಬಂದರೂ ಅದು ಸಂಗ್ರಹವೇ. ನನ್ನ ನೋಟ್‌ಬುಕ್‌ನಲ್ಲಿ ನಾನು ಕೊಳ್ಳದ ನಾಣ್ಯಗಳ ಕತೆಗಳು ಬಹಳ ಇವೆ, ನಾನು ಮತ್ತೆ ಮತ್ತೆ ಓದುವುದು ಅವನ್ನೇ.

ಸಂಜೆ, ಮನೆಯಲ್ಲಿ

ಹುಣಸೆಹಣ್ಣು, ವಿಭೂತಿ, ಪಾತ್ರೆ ಪುಡಿ ಯಾವುದನ್ನೂ ನಾಣ್ಯಕ್ಕೆ ಹಚ್ಚಬೇಡಿ. ಫಳಫಳ ಹೊಳೆಯುತ್ತದೆ, ಆದರೆ ಮೇಲ್ಮೈ ಕೆತ್ತಿಹೋಗುತ್ತದೆ. ಸಂಗ್ರಾಹಕರು ಉಜ್ಜಿದ ನಾಣ್ಯ ಮುಟ್ಟುವುದಿಲ್ಲ. ಮಣ್ಣು ಇದ್ದರೆ ಬರೀ ನೀರಲ್ಲಿ ನೆನೆಸಿ, ಉಜ್ಜದೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಪೂರ್ತಿ ಆರಿಸಿ. ಹಿಡಿಯುವಾಗ ಅಂಚನ್ನು ಮಾತ್ರ ಹಿಡಿಯಿರಿ.

ಸಾಧಾರಣ ಕವರಿನ ಸ್ಟಾಂಪು ಬಿಡಿಸಲು, ಸುತ್ತಲಿನ ಕಾಗದ ಸಮೇತ ಕತ್ತರಿಸಿ ಉಗುರುಬೆಚ್ಚಗಿನ ನೀರಲ್ಲಿ ಹದಿನೈದಿಪ್ಪತ್ತು ನಿಮಿಷ ಬಿಡಿ. ತಾನಾಗಿ ಜಾರಬೇಕು, ಎಳೆಯಬಾರದು. ಬಣ್ಣದ ಕವರಿನದ್ದನ್ನು ಬೇರೆ ನೀರಲ್ಲಿ ಹಾಕಿ, ಬಣ್ಣ ಬಿಡುತ್ತದೆ. ಬಿಳಿ ಕಾಗದದ ಮೇಲೆ ಆರಿಸಿ, ಆಮೇಲೆ ದಪ್ಪ ಪುಸ್ತಕದ ನಡುವೆ ಒತ್ತಿಡಿ.

ನಮ್ಮ ಕಡೆ ದೊಡ್ಡ ಶತ್ರು ಮಳೆಗಾಲ. ಜೂನ್ ಬಂದರೆ ಗೋಡೆಯೇ ಬೆವರುತ್ತದೆ. ಬಳಸದ ಸ್ಟಾಂಪುಗಳ ಅಂಟು ಒಂದಕ್ಕೊಂದು ಹಿಡಿಯುತ್ತದೆ, ತಾಮ್ರಕ್ಕೆ ಹಸಿರು ಕಿಲುಬು ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ತಿಂಗಳಿಗೊಮ್ಮೆ ಬದಲಿಸಿ. ಮೆತ್ತನೆಯ, ವಾಸನೆ ಬರುವ ಪ್ಲಾಸ್ಟಿಕ್ ಕವರು ಬೇಡ, ಅದರಿಂದಲೂ ನಾಣ್ಯ ಹಸಿರಾಗುತ್ತದೆ. ರಬ್ಬರ್ ಬ್ಯಾಂಡ್ ಬೇಡ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಅಂತ ಕಾಗದ ಅಲ್ಲಿಡಬೇಡಿ, ಹೊಗೆಗೆ ಕಪ್ಪಾಗುತ್ತದೆ. ಬಿಸಿಲು ಬಿದ್ದ ದಿನ ಡಬ್ಬಿ ತೆರೆದು, ನೆರಳಲ್ಲೇ ಗಾಳಿಗೆ ಇಡಿ.

ಮಲಗುವ ಮೊದಲು ಪ್ರತಿ ವಸ್ತುವಿಗೂ ಒಂದು ಸಾಲು ಬರೆಯಿರಿ: ಏನು, ಎಲ್ಲಿ, ಯಾವತ್ತು, ಎಷ್ಟು ಕೊಟ್ಟದ್ದು, ಯಾರ ಮಾತು ನೆನಪಿದೆ. ನಾಳೆಗೆ ಬಿಟ್ಟರೆ ಅರ್ಧ ಮರೆತುಹೋಗುತ್ತದೆ. ಕಳೆದ ಸಲದ್ದು ನಾನು ಹೀಗೆ ಬರೆದಿದ್ದೇನೆ: 'ಕುದುರೆ ಕಾಸು. ಗಾಂಧಿ ಬಜಾರ್, ಹಗ್ಗದ ಅಂಗಡಿ ಡಬ್ಬಿ. ಹತ್ತು ರೂಪಾಯಿ. ಯಜಮಾನರು ಚಿಕ್ಕವರಿದ್ದಾಗ ಇದಕ್ಕೆ ಎರಡು ಪೆಪ್ಪರಮೆಂಟು ಬರ್ತಿತ್ತಂತೆ.' ಖರ್ಚಾಗದ ಚಿಲ್ಲರೆಯ ಪೊಟ್ಟಣಗಳನ್ನು ಅದೇ ಕೈಚೀಲದಲ್ಲಿ ವಾಪಸ್ ಹಾಕಿ, ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿ.